ಬೋಸ್ಟನ್ ಬಂದರಿನ ಚಹಾ

ಅಗ್ಗವಾಗಿ ದೊರೆಯುವ ಸರಕನ್ನು ಕೊಳ್ಳತಕ್ಕ ಜನರೇ ಸಮುದ್ರಪಾಲು ಮಾಡಿದರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. 1773ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಸಾಲದಲ್ಲಿ ಮುಳುಗಿದ್ದ ಈಸ್ಟ್ ಇಂಡಿಯಾ ಕಂಪೆನಿಯನ್ನು ಉದ್ಧರಿಸುವುದಕ್ಕಾಗಿ, ಚೀನಾದೇಶದ ಚಹಾವನ್ನು ಅಮೇರಿಕದ ವಸಾಹತುಗಳಿಗೆ ನೇರವಾಗಿ ಕಳುಹಿಸಲು ಅದಕ್ಕೆ ಅನುಮತಿಯಿತ್ತಿತು. ಬೆಲೆಯು ಇಳಿಯಿತು, ಪೌಂಡಿಗೆ ಮೂರು ಪೆನ್ಸಿನ ಸುಂಕವು ಮಾತ್ರ ಉಳಿಯಿತು. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ವಿಧಿಸಿದ ಕರವನ್ನು ಒಮ್ಮೆ ತೆತ್ತರೆ ಅದೇ ರೂಢಿಯಾಗುವುದೆಂದು ವಲಸೆಗಾರರು ಬಗೆದರು.

ಬೋಸ್ಟನ್ನಿಗೆ ಮೂರು ಹಡಗುಗಳು ಬಂದುವು. ಸಹಸ್ರಾರು ಜನರು ಸಭೆಗೂಡಿ ಅವುಗಳನ್ನು ಹಿಂದಿರುಗಿಸಬೇಕೆಂದು ಬೇಡಿದರು. ಸುಂಕವನ್ನು ಸಲ್ಲಿಸದೆ ಹಡಗು ಹೊರಡಕೂಡದೆಂದು ಗವರ್ನರ್ ಹಚಿನ್ಸನ್ ಹಟಹಿಡಿದನು. ಡಿಸೆಂಬರ್ 16ರ ರಾತ್ರಿ, ನಾಡಿನ ಮೂಲನಿವಾಸಿಗಳಾದ ಮೊಹಾಕರ ವೇಷವನ್ನು ತೊಟ್ಟವರು 342 ಪೆಟ್ಟಿಗೆಗಳ ಚಹಾವನ್ನು ನೀರಿಗೆ ಸುರಿದರು. ಮರುವರ್ಷ ಪಾರ್ಲಿಮೆಂಟು ಬಂದರನ್ನೇ ಮುಚ್ಚಿಸಿತು. ದಂಡನೆಯು ಒಂದು ಊರಿಗಾದರೂ ಕೋಪವು ಇತರ ವಸಾಹತುಗಳಿಗೂ ಹಬ್ಬಿತು. 1776ರಲ್ಲಿ ಸ್ವಾತಂತ್ರ್ಯಘೋಷಣೆಯಾಯಿತು.

ಒಂದು ಸಂಗತಿಯನ್ನು ಮಾತ್ರ ಮರೆಯಲಾಗದು. ಮೂಲನಿವಾಸಿಗಳ ವೇಷವನ್ನು ಧರಿಸಿ ಅಂದು ನ್ಯಾಯವನ್ನು ಕೇಳಿದವರು, ಸ್ವತಂತ್ರರಾದ ಮೇಲೆ ಅವರ ನೆಲವನ್ನೇ ಕಸಿಯುತ್ತ ಹೋದರು. ತಾನು ಬೇಡಿದ ನ್ಯಾಯವನ್ನು ಪರರಿಗೂ ಸಲ್ಲಿಸದವನ ಸ್ವಾತಂತ್ರ್ಯವು ಅಪೂರ್ಣವೇ ಸರಿ.