ನದಿಯೊಡನೆ ಸಾಗಿದ ದಾರಿ: ಜಪಾನಿನ ಸಾಂಕೋ ರೈಲುಮಾರ್ಗದ ಚರಿತ್ರೆ

ಜಪಾನಿನ ಮುಖ್ಯದ್ವೀಪವಾದ ಹೊನ್ಶುವಿನ ಪಶ್ಚಿಮಭಾಗಕ್ಕೆ ಚೂಗೋಕು ಎಂದು ಹೆಸರು. ಈ ಸೀಮೆಯ ನಡುವೆ ಪೂರ್ವಪಶ್ಚಿಮವಾಗಿ ಹಾಸಿರುವ ಪರ್ವತಶ್ರೇಣಿಯೊಂದು ಅದನ್ನು ಎರಡು ಭಿನ್ನ ಲೋಕಗಳಾಗಿ ವಿಭಾಗಿಸಿದೆ: ದಕ್ಷಿಣದಲ್ಲಿ ಹಿರೋಶಿಮಾದಂತಹ ನಗರಗಳೂ ಕಾರ್ಖಾನೆಗಳೂ ಬಂದರುಗಳೂ ನೆರೆದಿರುವ ಒಳಸಮುದ್ರದ ತೀರ, ಉತ್ತರದಲ್ಲಿ ಜಪಾನ್ ಸಮುದ್ರಕ್ಕೆ ಮುಖಮಾಡಿದ, ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುವ, ಜನವಿರಳವಾದ ಶಿಮಾನೆ. ಈ ಶ್ರೇಣಿಯ ದಕ್ಷಿಣದ ಮಗ್ಗುಲಿನಲ್ಲಿ ಹುಟ್ಟಿ, ಮಿಯೋಶಿ ಎಂಬ ಊರಿನಲ್ಲಿ ಉಪನದಿಗಳನ್ನು ಕೂಡಿಕೊಂಡು, ಬಳಿಕ ಪರ್ವತಗಳನ್ನೇ ಸೀಳಿ ಉತ್ತರದ ಕಡಲನ್ನು ಸೇರುವ ಗೋನೊಕಾವಾ ನದಿಯು ಪ್ರಕೃತಿಯೇ ಈ ಎರಡು ಲೋಕಗಳಿಗೂ ನಡುವೆ ತೆರೆದಿಟ್ಟ ಬಾಗಿಲಾಗಿದ್ದಿತು. ಸುಮಾರು 194 ಕಿಲೋಮೀಟರ್ ಉದ್ದದ ಈ ನದಿ ಚೂಗೋಕು ಸೀಮೆಯಲ್ಲೆಲ್ಲ ಹಿರಿದಾದುದು. ರೈಲು ಬರುವುದಕ್ಕೆ ಬಹುಕಾಲ ಮೊದಲೇ ದೋಣಿಗಳು ಇದರಲ್ಲಿ ಇಳಿದು ಏರಿ, ಬೆಟ್ಟದ ಕುಲುಮೆಗಳಲ್ಲಿ ಕರಗಿಸಿದ ಕಬ್ಬಿಣವನ್ನೂ ಕಾಡಿನ ಉತ್ಪನ್ನಗಳನ್ನೂ ನದೀಮುಖದ ಗೋತ್ಸು ಬಂದರಿಗೆ ಮುಟ್ಟಿಸುತ್ತಿದ್ದುವು. ಗೋತ್ಸುವನ್ನೂ ಮಿಯೋಶಿಯನ್ನೂ ಕೂಡಿಸುವ ರೈಲುಮಾರ್ಗವೊಂದನ್ನು ಯೋಜಿಸಿದವರು ದೋಣಿಗಾರರ ಆ ಪುರಾತನ ಪಥವನ್ನೇ ಅನುಸರಿಸಿದುದು ಸಹಜವಾಗಿದ್ದಿತು. ಹೀಗೆ ಜನ್ಮತಾಳಿದುದೇ 108 ಕಿಲೋಮೀಟರ್ ಉದ್ದದ, 35 ನಿಲ್ದಾಣಗಳ ಸಾಂಕೋ ಮಾರ್ಗ.

ಅದರ ಮೊದಲ ತುಂಡು 1930ರ ಏಪ್ರಿಲ್ 20ರಂದು ಗೋತ್ಸುವಿನಿಂದ ಕವಾದೋ ಎಂಬ ಊರಿನವರೆಗೆ ತೆರೆಯಿತು. ಹಳಿಗಳು ನದಿಯ ದಡಕ್ಕಂಟಿಕೊಂಡು, ಅದರ ಪ್ರತಿಯೊಂದು ತಿರುವನ್ನೂ ಅನುಸರಿಸುತ್ತ, 1934ರಲ್ಲಿ ಕವಾಮೋತೊ ಪಟ್ಟಣವನ್ನೂ 1937ರಲ್ಲಿ ಹಮಾಹರಾ ಗ್ರಾಮವನ್ನೂ ಮುಟ್ಟಿದುವು. ಇನ್ನು ಕೆಲವೇ ವರ್ಷಗಳಲ್ಲಿ ಬೆಟ್ಟದಾಚೆಯ ಮಿಯೋಶಿಯೂ ಕೈಗೆಟುಕುವುದೆಂದು ಕಣಿವೆಯ ಜನ ನಂಬಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ರಾಷ್ಟ್ರದ ಕಬ್ಬಿಣವೂ ಧನವೂ ಮಾನವಶಕ್ತಿಯೂ ಯುದ್ಧದ ಬಾಯಿಗೆ ಬಿದ್ದ ಕಾಲವದು, ಕೆಲಸವು ನಿಂತಿತು. ಯುದ್ಧ ಮುಗಿದು ದೇಶವು ಚೇತರಿಸಿಕೊಂಡ ಮೇಲೆ, ಈ ಬಾರಿ ದಕ್ಷಿಣದ ತುದಿಯಿಂದ, ಮಿಯೋಶಿಯಿಂದ ಶಿಕಿಜಿಕಿಯವರೆಗೆ 1955ರಲ್ಲಿಯೂ, ಅಲ್ಲಿಂದ ಕುಚಿಬಾದವರೆಗೆ 1963ರಲ್ಲಿಯೂ ಹಳಿಗಳು ಹಾಸಲ್ಪಟ್ಟುವು. ನಡುವೆ ಉಳಿದುದು ಮೂವತ್ತು ಕಿಲೋಮೀಟರಿಗೂ ಕಡಮೆಯಾದ ಬೆಟ್ಟದ ದಾರಿ ಮಾತ್ರ. ಎರಡು ಕಡೆಗಳಿಂದ ಬಂದು ಒಂದನ್ನೊಂದು ಮುಟ್ಟಲಾರದೆ ನಿಂತ ಈ ಮಾರ್ಗಗಳನ್ನು ಉತ್ತರ ಸಾಂಕೋ, ದಕ್ಷಿಣ ಸಾಂಕೋ ಎಂಬ ಬೇರೆ ಬೇರೆ ಹೆಸರುಗಳಿಂದಲೇ ಕರೆಯಬೇಕಾಗಿದ್ದಿತು.

ಈ ವಿಳಂಬವು ಎಂತಹ ಕಾಲದಲ್ಲಿ ಸಂಭವಿಸಿತೆಂಬುದನ್ನು ಗಮನಿಸಿದರೆ ಮುಂದಿನ ಕಥೆಯೆಲ್ಲವೂ ಅರ್ಥವಾಗುತ್ತದೆ. ಶಿಮಾನೆಯ ಬೆಟ್ಟದ ಹಳ್ಳಿಗಳು ಗದ್ದೆಯ ಜೊತೆಗೆ ಇದ್ದಿಲನ್ನು ನೆಚ್ಚಿ ಬದುಕಿದವು. ಕಾಡಿನ ಮರವನ್ನು ಗೂಡುಗಳಲ್ಲಿ ಸುಟ್ಟು ಮಾಡಿದ ಈ ಇದ್ದಿಲು ಜಪಾನಿನ ಮನೆಮನೆಗಳ ಅಡುಗೆಗೂ ಚಳಿ ಕಾಯುವುದಕ್ಕೂ ಬೇಕಾಗಿದ್ದಿತು. ಚಳಿಗಾಲದಲ್ಲಿ ಬೇಸಾಯವಿಲ್ಲದ ರೈತನ ಕೈಯಲ್ಲಿ ಅದರಿಂದ ನಾಲ್ಕು ಕಾಸು ಓಡಾಡುತ್ತಿದ್ದುವು. 1950ರ ದಶಕದಿಂದೀಚೆಗೆ ನಗರಗಳ ಒಲೆಗಳಿಗೆ ಸೀಮೆಎಣ್ಣೆಯೂ ಅನಿಲವೂ ಬಂದುವು. ಇದ್ದಿಲಿನ ಗೂಡುಗಳು ಒಂದೊಂದಾಗಿ ಆರಿದುವು. ಅದೇ ವೇಳೆಯಲ್ಲಿ ಒಳಸಮುದ್ರದ ತೀರದ ಕಾರ್ಖಾನೆಗಳು ತರುಣರನ್ನು ಕೈಬೀಸಿ ಕರೆಯುತ್ತಿದ್ದುವು. ಇದರ ಮೇಲೆ 1963ರ ಆದಿಯಲ್ಲಿ ಜಪಾನ್ ಸಮುದ್ರದ ತೀರಪ್ರದೇಶದ ಮೇಲೆಲ್ಲ ಎರಗಿದ ಮಹಾಹಿಮಪಾತವು ಬೆಟ್ಟದ ಹಳ್ಳಿಗಳನ್ನು ಹೊರಲೋಕದಿಂದ ಕಡಿದುಹಾಕಿದಾಗ, ಅದುವರೆಗೆ ಹಿಂದುಮುಂದು ನೋಡುತ್ತಿದ್ದ ಸಂಸಾರಗಳು ಮನೆಗೆ ಬೀಗವಿಕ್ಕಿ ಬೆಟ್ಟವಿಳಿದುವು. ಕುಚಿಬಾಕ್ಕೆ ಮೊದಲ ರೈಲು ಬಂದುದು ಆ ವರ್ಷದ ಜೂನ್ ತಿಂಗಳಿನಲ್ಲಿ. ಜನಶೂನ್ಯವಾಗುತ್ತಿರುವ ಸೀಮೆಗಳ ರಕ್ಷಣೆಗೆಂದು ಜಪಾನು ವಿಶೇಷ ಶಾಸನವೊಂದನ್ನು ಮಾಡಬೇಕಾಗಿ ಬಂದುದು 1970ರಲ್ಲಿ. ಸಾಂಕೋ ಮಾರ್ಗದ ಎರಡು ತುದಿಗಳು ಕೊನೆಗೂ ಒಂದಾದುದು ಅದಾದ ಐದು ವರ್ಷಗಳ ಮೇಲೆ, 1975ರ ಆಗಸ್ಟ್ 31ರಂದು.

ಕೊನೆಯದಾಗಿ ಕಟ್ಟಿದ ಈ ಮಧ್ಯಭಾಗದಲ್ಲಿ ಎಂಜಿನಿಯರರ ವಿದ್ಯೆ ಎಷ್ಟು ಮುಂದುವರಿದಿದ್ದಿತೆಂಬುದು ಕಣ್ಣಿಗೆ ಕಟ್ಟುತ್ತದೆ. ಹಳೆಯ ಭಾಗಗಳು ನದಿಯ ಬಾಗುಬಳುಕಿಗೆ ತಲೆಬಾಗಿ ನಡೆದರೆ, ಇದು ಸುರಂಗಗಳಿಂದ ಬೆಟ್ಟಗಳನ್ನು ಕೊರೆದು, ಸೇತುವೆಗಳಿಂದ ಕಣಿವೆಗಳನ್ನು ದಾಟಿ, ಆದಷ್ಟು ನೇರವಾಗಿ ಸಾಗುತ್ತಿದ್ದಿತು. ಅಲ್ಲಿನ ಉಜುಯಿ ನಿಲ್ದಾಣವು ಎರಡು ಸುರಂಗಗಳ ನಡುವಣ ಸಣ್ಣ ಕಣಿವೆಯ ಮೇಲೆ, ನೆಲದಿಂದ ಇಪ್ಪತ್ತು ಮೀಟರ್ ಎತ್ತರದ ಕಾಂಕ್ರೀಟು ಸೇತುವೆಯಲ್ಲಿ ನಿಂತಿದ್ದು, ರೈಲು ಹತ್ತಬೇಕಾದವರು ಗೋಪುರದೊಳಗಿನ 116 ಮೆಟ್ಟಿಲುಗಳನ್ನು ಏರಬೇಕಾಗಿದ್ದಿತು. ದೂರದೂರುಗಳ ಪ್ರವಾಸಿಗಳು ಇದನ್ನು ಆಕಾಶದ ನಿಲ್ದಾಣವೆಂದು ಕೊಂಡಾಡಿದರು. ಕೆಳಗಿನ ಹಳ್ಳಿಯಲ್ಲಿ ಉಳಿದ ವೃದ್ಧರ ಮೊಣಕಾಲುಗಳಿಗೆ ಅದು ದಿನದಿನದ ಪರೀಕ್ಷೆಯಾಗಿದ್ದಿತು. ನಿರ್ಮಾಣದ ಕೌಶಲವೂ ಜನರ ಅವಶ್ಯಕತೆಯೂ ಅಷ್ಟರಮಟ್ಟಿಗೆ ಬೇರೆಬೇರೆಯಾಗಿ ಹೋಗಿದ್ದುವು.

ನಷ್ಟದ ಸಣ್ಣ ಮಾರ್ಗಗಳಲ್ಲಿ 83ನ್ನು ಮುಚ್ಚಬೇಕೆಂದು ರಾಷ್ಟ್ರೀಯ ರೈಲ್ವೆಯ ಸಲಹಾಸಮಿತಿಯು 1968ರಲ್ಲಿಯೇ ಸೂಚಿಸಿದ್ದಿತು. 1980ರ ಶಾಸನವು ಇನ್ನೂ ಕಠಿನವಾದುದು. ಪ್ರಯಾಣಿಕರ ಸಂಖ್ಯೆ ಗೊತ್ತಾದ ಮಿತಿಗಿಂತ ಕಡಮೆಯಾದ ಮಾರ್ಗಗಳನ್ನು ಬಸ್ಸಿಗಾಗಲಿ ಸ್ಥಳೀಯ ಸಂಸ್ಥೆಗಳಿಗಾಗಲಿ ಒಪ್ಪಿಸಬೇಕೆಂದು ಅದು ವಿಧಿಸಿತು. ಸಾಂಕೋ ಮಾರ್ಗವು ಆಗ ಉಳಿದುಕೊಂಡುದು ಅದರ ಪಕ್ಕದಲ್ಲಿ ಬಸ್ಸು ಓಡಲು ತಕ್ಕ ರಸ್ತೆ ಇಲ್ಲವೆಂಬ ಕಾರಣದಿಂದ. ಆ ರಸ್ತೆಯೂ ಮೆಲ್ಲನೆ ಬಂದಿತು. ಪರ್ವತವನ್ನು ಅಡ್ಡಲಾಗಿ ದಾಟಿ ಹಿರೋಶಿಮಾದ ಕಡೆಗೆ ಧಾವಿಸುವ ಹಮಾದಾ ಹೆದ್ದಾರಿ 1991ರಲ್ಲಿ ಪೂರ್ಣಗೊಂಡ ಮೇಲಂತೂ, ನದಿಯ ತಿರುವುಗಳನ್ನೆಲ್ಲ ಸುತ್ತಿ ಮೂರು ಗಂಟೆಗೂ ಮಿಕ್ಕು ಕಾಲ ತೆಗೆದುಕೊಳ್ಳುವ ರೈಲು ಆತುರದ ಕೆಲಸಕ್ಕೆ ಒದಗದಾಯಿತು. ಕಲ್ಲು ಉರುಳುವ ಭಯದಿಂದ ಹಲವೆಡೆ ಗಂಟೆಗೆ 30 ಕಿಲೋಮೀಟರಿನ ವೇಗಮಿತಿಯನ್ನೂ ವಿಧಿಸಿದ್ದರು. ಮಾರ್ಗವು ಪಶ್ಚಿಮ ಜಪಾನ್ ರೈಲ್ವೆ ಕಂಪನಿಯ ಕೈಸೇರಿದ 1987ರಲ್ಲಿ ಪ್ರತಿ ಕಿಲೋಮೀಟರಿಗೆ ದಿನವೊಂದಕ್ಕೆ ಸರಾಸರಿ 458 ಪ್ರಯಾಣಿಕರಿದ್ದರೆ, 2015ರ ಹೊತ್ತಿಗೆ ಅದು 58ಕ್ಕೆ ಇಳಿದಿದ್ದಿತು.

ನದಿಯೂ ಸುಮ್ಮನಿರಲಿಲ್ಲ. 1972ರ ಮಹಾಪ್ರವಾಹ, 2006ರ ಮಳೆ, 2013ರ ಆಗಸ್ಟಿನ ಮಳೆ, ಇವೆಲ್ಲವೂ ದಡದ ಹಳಿಗಳಿಗೆ ಪೆಟ್ಟು ಕೊಟ್ಟುವು. ಕೊನೆಯ ಬಾರಿ ಉಪನದಿಯೊಂದರ ಮೇಲಣ ಸೇತುವೆಯ ಕಂಬವೇ ಕೊಚ್ಚಿಹೋಗಿ, ದುರಸ್ತಿಗೆ ಸುಮಾರು ಹನ್ನೊಂದು ತಿಂಗಳು ಹಿಡಿದುವು. ಕಣಿವೆಯ ಜನರು ಕೈಕಟ್ಟಿ ಕುಳಿತಿದ್ದರೆಂದು ಯಾರೂ ಹೇಳಲಾಗದು. ಮಾರ್ಗವು ಪೂರ್ಣಗೊಂಡ 35ನೆಯ ವರ್ಷದಲ್ಲಿ, ಆ ಸೀಮೆಯ ದೇವಾಲಯಗಳಲ್ಲಿ ಶರತ್ಕಾಲದ ರಾತ್ರಿಗಳಲ್ಲಿ ಆಡುವ ಕಾಗುರಾ ನೃತ್ಯನಾಟಕಗಳ ಪ್ರಸಂಗಗಳ ಹೆಸರುಗಳನ್ನು ನಿಲ್ದಾಣಗಳಿಗೆ ಇಟ್ಟು, ಅತಿಥಿಗಳನ್ನು ಕರೆಯಲು ಅವರು ಯತ್ನಿಸಿದರು. ಆದರೆ ಉತ್ಸವಕ್ಕೆ ಬರುವ ಅತಿಥಿಯು ನಿತ್ಯದ ಪ್ರಯಾಣಿಕನ ಸ್ಥಾನವನ್ನು ತುಂಬಲಾರನು. 2016ರ ಸೆಪ್ಟೆಂಬರಿನಲ್ಲಿ ಕಂಪನಿಯು ಮಾರ್ಗವನ್ನು ಮುಚ್ಚುವುದಾಗಿ ಸರಕಾರಕ್ಕೆ ತಿಳಿಸಿತು. 2018ರ ಮಾರ್ಚ್ 31ರಂದು ಕೊನೆಯ ರೈಲು ಓಡಿತು. ಅದರ ಕೊನೆಯ ತಿಂಗಳುಗಳಲ್ಲಿ ವಿದಾಯ ಹೇಳಲು ಬಂದವರಿಂದ ಬಂಡಿಗಳು ಕಿಕ್ಕಿರಿದುವು. ಇಂದು ಬಸ್ಸುಗಳು ಅದರ ಕೆಲಸವನ್ನು ಮಾಡುತ್ತಿವೆ. ಉಜುಯಿಯ ನಿಲ್ದಾಣವನ್ನು ಸ್ಥಳೀಯರು ಕಾಪಾಡಿಕೊಂಡಿದ್ದಾರೆ.

ಕಟ್ಟಿ ಮುಗಿಸಲು ನಲವತ್ತೈದು ವರ್ಷ. ಪೂರ್ಣರೂಪದಲ್ಲಿ ಬಾಳಿದುದು ನಲವತ್ತೆರಡು ವರ್ಷ ಏಳು ತಿಂಗಳು. ಈ ಲೆಕ್ಕವನ್ನು ಕಂಡು ಇಡೀ ಪ್ರಯತ್ನವೇ ವ್ಯರ್ಥವೆಂದು ತೀರ್ಮಾನಿಸುವುದು ಅನ್ಯಾಯವಾದೀತು. ತುಂಡುತುಂಡಾಗಿದ್ದಾಗಲೂ ಆ ಹಳಿಗಳು ಎರಡು ಮೂರು ತಲೆಮಾರುಗಳ ಮಕ್ಕಳನ್ನು ಶಾಲೆಗೆ, ರೋಗಿಗಳನ್ನು ಆಸ್ಪತ್ರೆಗೆ, ರೈತರನ್ನು ಪೇಟೆಗೆ ಮುಟ್ಟಿಸಿವೆ. ಅಂತಹ ಸೇವೆಯನ್ನು ಆದಾಯವ್ಯಯದ ಪುಸ್ತಕವೊಂದೇ ಅಳೆಯಲಾರದು. ಆದರೂ ಒಂದು ಮಾತನ್ನು ಈ ಚರಿತ್ರೆಯು ನಿಸ್ಸಂದೇಹವಾಗಿ ಹೇಳುತ್ತದೆ. ಸಾಂಕೋ ಮಾರ್ಗವು ಸೋತುದು ಜನರ ಉಪೇಕ್ಷೆಯಿಂದಲ್ಲ, ಎಂಜಿನಿಯರರ ಅಜ್ಞಾನದಿಂದಲ್ಲ. ಇದ್ದಿಲು ಬೇಯುತ್ತಿದ್ದ, ಮನೆಗಳು ತುಂಬಿದ್ದ ಕಣಿವೆಗೆ ಕೊಟ್ಟ ಮಾತನ್ನು, ಆ ಕಣಿವೆಯು ಬರಿದಾದ ಮೇಲೆ ನಡೆಸಿಕೊಟ್ಟುದರಿಂದ. ಲೋಕೋಪಯೋಗಿ ಕಾರ್ಯಗಳಿಗೆ ಕಲ್ಲು ಕಬ್ಬಿಣ ಹಣಗಳಂತೆ ಕಾಲವೂ ಒಂದು ಸಾಮಗ್ರಿ. ಹಳ್ಳಿಗಳಿಗೆ ದಾರಿಯನ್ನಾಗಲಿ, ಶಾಲೆಯನ್ನಾಗಲಿ, ನೀರನ್ನಾಗಲಿ ವಾಗ್ದಾನಮಾಡುವ ಯಾವ ದೇಶದ ಆಡಳಿತವೇ ಆಗಲಿ, ಅದು ಬೇಕಾದವರು ಇನ್ನೂ ಅಲ್ಲಿ ಇರುವಾಗಲೇ ಕೊಡುವುದು ಅದರ ಪ್ರಥಮ ಕರ್ತವ್ಯ.