ಆಸ್ಪತ್ರೆಯಿಲ್ಲದ ಕಡೆ ಶಸ್ತ್ರಚಿಕಿತ್ಸೆ

ಇಂದಿನ ಒಂದು ಶಸ್ತ್ರಚಿಕಿತ್ಸಾ ಕೊಠಡಿಯನ್ನು ಕಲ್ಪಿಸಿಕೊಳ್ಳಿ. ನೆರಳು ಬೀಳದಂತೆ ಬೆಳಕು ಚೆಲ್ಲುವ ದೀಪಗಳು, ನಾಡಿಬಡಿತ ಮತ್ತು ರಕ್ತದೊತ್ತಡವನ್ನು ಕ್ಷಣಕ್ಷಣಕ್ಕೂ ತೋರಿಸುವ ಪರದೆಗಳು, ಅರಿವಳಿಕೆ ನೀಡುವ ಯಂತ್ರ, ಹಬೆಯ ಒತ್ತಡದಲ್ಲಿ ಶುದ್ಧಗೊಳಿಸಿದ ಉಪಕರಣಗಳು. ಇವುಗಳ ನಡುವೆ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ದಾದಿಯರು, ತಂತ್ರಜ್ಞರು. ಈಗ ಇವನ್ನೆಲ್ಲ ಒಂದೊಂದಾಗಿ ತೆಗೆಯುತ್ತಾ ಹೋಗಿ. ಕೊನೆಗೆ ಏನು ಉಳಿದಿದ್ದರೆ ರೋಗಿ ಬದುಕಬಲ್ಲ? ಈ ಪ್ರಶ್ನೆಗೆ 1961ರಲ್ಲಿ ಅಂಟಾರ್ಕ್ಟಿಕದಲ್ಲಿ ಒಂದು ಉತ್ತರ ದೊರೆಯಿತು.

ವೈದ್ಯನೇ ರೋಗಿಯಾದಾಗ

ಆ ವರ್ಷದ ಆರಂಭದಲ್ಲಿ ಸೋವಿಯತ್ ಒಕ್ಕೂಟವು ಅಂಟಾರ್ಕ್ಟಿಕದಲ್ಲಿ ನೊವೊಲಜರೆವ್‌ಸ್ಕಯ ಎಂಬ ಹೊಸ ನೆಲೆಯನ್ನು ತೆರೆದಿತ್ತು. ಚಳಿಗಾಲ ಕಳೆಯಲು ಉಳಿದವರು ಒಂದು ಡಜನ್‌ನಷ್ಟು ಜನ. ಅವರಲ್ಲಿದ್ದ ಏಕೈಕ ವೈದ್ಯ 27 ವರ್ಷದ ಲಿಯೊನಿಡ್ ರೊಗೊಜೊವ್. ಏಪ್ರಿಲ್ 29ರಂದು ಅವರಿಗೆ ಜ್ವರ, ವಾಕರಿಕೆ, ಹೊಟ್ಟೆನೋವು ಕಾಣಿಸಿಕೊಂಡವು. ನೋವು ಹೊಟ್ಟೆಯ ಬಲಭಾಗಕ್ಕೆ ಇಳಿಯಿತು. ಕರುಳುವಾಳದ (ಅಪೆಂಡಿಕ್ಸ್) ಉರಿಯೂತವೆಂದು ಗುರುತಿಸಲು ಅವರಿಗೆ ಕಷ್ಟವಾಗಲಿಲ್ಲ. ಆದರೆ ಹತ್ತಿರದ ಸೋವಿಯತ್ ನೆಲೆ 1,600 ಕಿಲೋಮೀಟರಿಗಿಂತ ದೂರದಲ್ಲಿತ್ತು. ಹಿಮಗಾಳಿಯಲ್ಲಿ ವಿಮಾನ ಇಳಿಯುವಂತಿರಲಿಲ್ಲ. ಮರುದಿನ ರಾತ್ರಿ ಅವರು ತಮ್ಮ ಹೊಟ್ಟೆಯನ್ನು ತಾವೇ ಕೊಯ್ದುಕೊಳ್ಳಲು ಸಿದ್ಧರಾದರು.

ಸಹಾಯಕ್ಕೆ ನಿಂತವರು ಇಬ್ಬರು. ಹವಾಮಾನ ತಜ್ಞ ಆರ್ಟೆಮೆವ್ ಗಾಯದ ಅಂಚುಗಳನ್ನು ಅಗಲಿಸಿ ಹಿಡಿಯುವ ಕೊಕ್ಕೆಗಳನ್ನು ಹಿಡಿದರು. ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಟೆಪ್ಲಿನ್‌ಸ್ಕಿ ಕನ್ನಡಿ ಮತ್ತು ದೀಪ ಹಿಡಿದರು. ಯಾರಾದರೂ ತಲೆಸುತ್ತಿ ಬಿದ್ದರೆ ಇರಲಿ ಎಂದು ನೆಲೆಯ ಮುಖ್ಯಸ್ಥರು ಪಕ್ಕದಲ್ಲಿದ್ದರು. ಉಪಕರಣಗಳನ್ನು ಹೇಗೆ ಮುಟ್ಟಬೇಕು, ತಾನು ಎಚ್ಚರ ತಪ್ಪಿದರೆ ಯಾವ ಔಷಧ ಚುಚ್ಚಬೇಕು, ಕೃತಕ ಉಸಿರಾಟ ಹೇಗೆ ಕೊಡಬೇಕು ಎಂಬುದನ್ನು ರೊಗೊಜೊವ್ ಮೊದಲೇ ಹೇಳಿಕೊಟ್ಟಿದ್ದರು.

ಹೊಟ್ಟೆಯ ಗೋಡೆಗೆ ನೋವೊಕೇನ್ ಚುಚ್ಚಿಕೊಂಡು 10-12 ಸೆಂಟಿಮೀಟರ್ ಉದ್ದದ ಸೀಳು ಮಾಡಿದರು. ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗಾಗಿ ಕಾಣುತ್ತಿದ್ದುದರಿಂದ ಹೆಚ್ಚಾಗಿ ಬರಿಗೈಯ ಸ್ಪರ್ಶವನ್ನೇ ನಂಬಬೇಕಾಯಿತು. ಅರ್ಧ ಗಂಟೆ ಕಳೆದ ಮೇಲೆ ತಲೆಸುತ್ತು ಹೆಚ್ಚಾಗಿ, ಪ್ರತಿ ನಾಲ್ಕೈದು ನಿಮಿಷಕ್ಕೊಮ್ಮೆ 20-25 ಸೆಕೆಂಡು ವಿಶ್ರಮಿಸುತ್ತ ಮುಂದುವರಿದರು. ಕರುಳುವಾಳದ ಬುಡ ಆಗಲೇ ಕಪ್ಪಾಗಿತ್ತು. ಇನ್ನೊಂದು ದಿನ ತಡವಾಗಿದ್ದರೆ ಅದು ಒಡೆಯುತ್ತಿತ್ತು. ಸುಮಾರು 1 ಗಂಟೆ 45 ನಿಮಿಷದಲ್ಲಿ ಕೆಲಸ ಮುಗಿಯಿತು. ಎರಡು ವಾರಗಳಲ್ಲಿ ಅವರು ಮತ್ತೆ ಕರ್ತವ್ಯಕ್ಕೆ ಮರಳಿದರು.

ಜೊತೆಗೆ ಒಯ್ದದ್ದೇನು?

ಇದನ್ನು ಕೇವಲ ಸಾಹಸವೆಂದು ಓದಿದರೆ ಅರ್ಧ ಮಾತ್ರ ತಿಳಿದಂತೆ. ಆ ರಾತ್ರಿ ರೊಗೊಜೊವ್ ಬಳಸಿದ ಒಂದೊಂದು ಕ್ರಮವೂ ಆಸ್ಪತ್ರೆಗಳಲ್ಲಿ ಹುಟ್ಟಿ ಬೆಳೆದದ್ದು. ನೋವಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯವೆಂದು 1846ರಲ್ಲಿ ಬಾಸ್ಟನ್ ನಗರದಲ್ಲಿ ಈಥರ್ ಬಳಸಿ ವಿಲಿಯಂ ಮಾರ್ಟನ್ ತೋರಿಸಿದ್ದರು. ಗಾಯ ಕೀವಾಗುವುದನ್ನು ಕಾರ್ಬಾಲಿಕ್ ಆಮ್ಲದಿಂದ ತಡೆಯಬಹುದೆಂದು 1867ರಲ್ಲಿ ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದರು. ಎಚ್ಚರವಿದ್ದಂತೆಯೇ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ವಿಧಾನವನ್ನು 1884ರಲ್ಲಿ ಕಾರ್ಲ್ ಕೋಲರ್ ಕಣ್ಣಿನ ಮೇಲೆ ತೋರಿಸಿದ್ದರು. ಕರುಳುವಾಳ ಒಡೆಯುವ ಮೊದಲೇ ಅದನ್ನು ತೆಗೆಯಬೇಕೆಂದು 1886ರಲ್ಲಿ ರೆಜಿನಾಲ್ಡ್ ಫಿಟ್ಜ್ ವಾದಿಸಿದ್ದರು. ಇವೆಲ್ಲವೂ ಒಂದು ಪೆಟ್ಟಿಗೆಯಲ್ಲಿ ಮತ್ತು ಒಬ್ಬ ವೈದ್ಯನ ತಲೆಯಲ್ಲಿ ಹಿಡಿಯುವಷ್ಟಿದ್ದವು. ಆದ್ದರಿಂದಲೇ ಹಿಮಖಂಡದವರೆಗೂ ಹೋದವು.

ಬೆಳೆದಂತೆ ಭಾರವಾದ ತಂತ್ರಜ್ಞಾನ

ಮುಂದಿನ ದಶಕಗಳ ಕಥೆ ಬೇರೆ. 1980ರಲ್ಲಿ ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಲ್ಯಾಪರೊಸ್ಕೋಪ್ (ಉದರದರ್ಶಕ) ಮೂಲಕ ಕರುಳುವಾಳವನ್ನು ತೆಗೆದರು. ಅನೇಕ ಶಸ್ತ್ರವೈದ್ಯರು ಇದನ್ನು ತೀವ್ರವಾಗಿ ವಿರೋಧಿಸಿದರೂ ಮುಂದೆ ಇದೇ ರೂಢಿಯ ವಿಧಾನವಾಯಿತು. ಸೀಳು ಚಿಕ್ಕದು, ನೋವು ಕಡಿಮೆ, ಚೇತರಿಕೆ ಬೇಗ. ಆದರೆ ಹೊಟ್ಟೆಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಉಬ್ಬಿಸಬೇಕು, ಕ್ಯಾಮೆರಾ ಬೇಕು, ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯೂ ಬೇಕು. ರೋಗಿಯ ಮೇಲಿನ ಭಾರ ಇಳಿದಷ್ಟೂ ಆಸ್ಪತ್ರೆಯ ಮೇಲಿನ ಭಾರ ಏರಿತು.

ಹಾಗಾದರೆ ವೈದ್ಯರು ನಗರದಲ್ಲೇ ಕುಳಿತು ದೂರದ ರೋಗಿಗೆ ಶಸ್ತ್ರಚಿಕಿತ್ಸೆ ಮಾಡಬಹುದಲ್ಲವೇ? 2001ರ ಸೆಪ್ಟೆಂಬರ್ 7ರಂದು ಜಾಕ್ ಮಾರೆಸ್ಕೋ ನ್ಯೂಯಾರ್ಕಿನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ 68 ವರ್ಷದ ಮಹಿಳೆಯ ಪಿತ್ತಕೋಶವನ್ನು ರೋಬಾಟ್ ಮೂಲಕ ತೆಗೆದರು. ದ್ಯುತಿತಂತುವಿನ ಮೂಲಕ ಆಜ್ಞೆ ಹೋಗಿ ಚಿತ್ರ ಮರಳಲು ಹಿಡಿದ ಸಮಯ ಸುಮಾರು 0.155 ಸೆಕೆಂಡು.

ತಂತಿಯಿಲ್ಲದ ಕಡೆ ಭೂಸ್ಥಿರ ಉಪಗ್ರಹವನ್ನು ನಂಬಿದರೆ ಏನಾಗುತ್ತದೆ? ಲೆಕ್ಕವನ್ನು ನೀವೇ ಮಾಡಿ ನೋಡಿ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಮೇಲೇರಿ ಇಳಿಯಲು 72,000 ಕಿಲೋಮೀಟರ್. ಸೆಕೆಂಡಿಗೆ 3,00,000 ಕಿಲೋಮೀಟರ್ ವೇಗದಲ್ಲಿ 0.24 ಸೆಕೆಂಡು. ಚಿತ್ರ ಮರಳಿ ಬರಲು ಇನ್ನೊಂದು 0.24. ಅಂದರೆ ರಕ್ತನಾಳ ಕೊಯ್ದುಹೋದದ್ದು ವೈದ್ಯನ ಕಣ್ಣಿಗೆ ಬೀಳುವುದು ಸುಮಾರು ಅರ್ಧ ಸೆಕೆಂಡು ತಡವಾಗಿ. ದಕ್ಷಿಣ ಧ್ರುವದಲ್ಲಂತೂ ಭೂಸ್ಥಿರ ಉಪಗ್ರಹ ದಿಗಂತದ ಕೆಳಗೇ ಇರುತ್ತದೆ. ಮೇಲಾಗಿ ಸ್ಟ್ರಾಸ್‌ಬರ್ಗ್‌ನಲ್ಲಿ ರೋಗಿಯ ಪಕ್ಕದಲ್ಲಿ ಶಸ್ತ್ರವೈದ್ಯರು ಸಿದ್ಧರಾಗಿ ನಿಂತಿದ್ದರೆಂಬುದನ್ನೂ ಮರೆಯಬಾರದು.

ಕಲಿಸಿದ ಕೈಗಳು

ಆದ್ದರಿಂದ ದುರ್ಗಮ ಪ್ರದೇಶಗಳ ವೈದ್ಯಕೀಯವು ಯಂತ್ರಕ್ಕಿಂತ ತರಬೇತಿಯನ್ನು ಹೆಚ್ಚಾಗಿ ಅವಲಂಬಿಸಿ ಬೆಳೆಯಿತು. 1983ರಲ್ಲಿ ಅಮೆರಿಕದಲ್ಲಿ ವೈದ್ಯರು ಈ ವಿಷಯಕ್ಕೆಂದೇ ಒಂದು ಸಂಘವನ್ನು ಕಟ್ಟಿದರು. ಆಸ್ಟ್ರೇಲಿಯದ ಅನುಭವ ಇನ್ನೂ ಹಳೆಯದು. 1950ರಲ್ಲಿ ಹರ್ಡ್ ದ್ವೀಪದಲ್ಲಿದ್ದ ವೈದ್ಯರಿಗೇ ಕರುಳುವಾಳದ ಉರಿಯೂತವಾಗಿ, ಅವರನ್ನು ಕರೆತರಲು ಯುದ್ಧನೌಕೆಯನ್ನೇ ಕಳಿಸಬೇಕಾಯಿತು. ಆನಂತರ, ಅಂಟಾರ್ಕ್ಟಿಕದಲ್ಲಿ ಚಳಿಗಾಲ ಕಳೆಯುವ ಆಸ್ಟ್ರೇಲಿಯದ ವೈದ್ಯರು ಕರುಳುವಾಳವನ್ನು ಮೊದಲೇ ತೆಗೆಸಿಕೊಂಡಿರಬೇಕೆಂಬ ನಿಯಮ ಬಂತು. ಅಷ್ಟೇ ಅಲ್ಲ, ತಂಡದ ಅಡುಗೆಯವರು, ಬಡಗಿಗಳಂಥ ಕೆಲವರಿಗೆ ಹೋಬಾರ್ಟ್ ನಗರದ ಆಸ್ಪತ್ರೆಯಲ್ಲಿ ಎರಡು ವಾರ ಶಸ್ತ್ರಚಿಕಿತ್ಸೆಗೂ ಅರಿವಳಿಕೆಗೂ ಸಹಾಯಕರಾಗುವ ತರಬೇತಿ ಕೊಡುವ ಪದ್ಧತಿ ಬೆಳೆಯಿತು. ರೊಗೊಜೊವ್ ಅವಸರದಲ್ಲಿ ಹೇಳಿಕೊಟ್ಟ ಪಾಠವೇ ಇಲ್ಲಿ ಪಠ್ಯಕ್ರಮವಾಗಿದೆ. ಆಸ್ಪತ್ರೆಯನ್ನು ಹಿಮಕ್ಕೆ ಒಯ್ಯಲಾಗದಿದ್ದರೆ, ಹಿಮಕ್ಕೆ ಹೋಗುವವರನ್ನು ಆಸ್ಪತ್ರೆಗೆ ಕರೆಸಬಹುದು.

1999ರಲ್ಲಿ ದಕ್ಷಿಣ ಧ್ರುವದ ಅಮೆರಿಕನ್ ನೆಲೆಯ ವೈದ್ಯೆ ಜೆರಿ ನೀಲ್ಸನ್ ತಮ್ಮ ಸ್ತನದಲ್ಲಿ ಗಂಟನ್ನು ಕಂಡಾಗ, ಅದರ ತುಣುಕನ್ನು ಸೂಜಿಯಿಂದ ತೆಗೆಯಲು ನೆರವಾದವರು ವೈದ್ಯಕೀಯ ಅರಿಯದ ಸಂಗಾತಿಗಳು. ಅದಕ್ಕೂ ಮೊದಲು ಅವರು ಹಸಿ ಕೋಳಿಮಾಂಸದ ಮೇಲೆ ಸೂಜಿ ಚುಚ್ಚಿ ಅಭ್ಯಾಸ ಮಾಡಿದ್ದರು. ಈ ಕ್ರಮ ನಮಗೆ ಹೊಸದಲ್ಲ. ಶಿಷ್ಯನು ರೋಗಿಯನ್ನು ಮುಟ್ಟುವ ಮೊದಲು ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕೊಯ್ಯುವುದನ್ನೂ ಬಟ್ಟೆಯ ಮೇಲೆ ಹೊಲಿಗೆಯನ್ನೂ ಕಲಿಯಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ.

ನೊವೊಲಜರೆವ್‌ಸ್ಕಯದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಅದೇ ಶಿರ್ಮಾಕರ್ ಓಯಸಿಸ್‌ನಲ್ಲಿ, 1989ರಿಂದ ಭಾರತದ ಮೈತ್ರಿ ನೆಲೆಯಿದೆ. ಅಲ್ಲಿಯೂ ತಂಡದೊಡನೆ ವೈದ್ಯರಿರುತ್ತಾರೆ. ಆದರೆ ವೈದ್ಯರಿಲ್ಲದ ದೂರ ನಮ್ಮ ಸಮೀಪದಲ್ಲೂ ಇದೆ. ವಿದ್ಯಾರ್ಥಿಗಳನ್ನು ಪಶ್ಚಿಮಘಟ್ಟದ ಚಾರಣಕ್ಕೆ ಕರೆದೊಯ್ಯುವ ಶಿಕ್ಷಕರು ನೀವಾಗಿದ್ದರೆ, ಹೊರಡುವ ಮೊದಲೇ ಎರಡು ಕೆಲಸಗಳನ್ನು ತರಗತಿಯಲ್ಲಿ ಮಾಡಿಸಿ: ರಕ್ತ ಸುರಿಯುವ ಗಾಯವನ್ನು ಶುಭ್ರ ಬಟ್ಟೆಯಿಂದ ಬಿಡದೆ ಅದುಮಿ ಹಿಡಿಯುವುದು, ಮುರಿದ ಕೈಕಾಲು ಅಲುಗದಂತೆ ಪಟ್ಟಿ ಕಟ್ಟುವುದು. ಹೇಳಿ ಬಿಡಬೇಡಿ, ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ.