‘ನೆಬ್ರಾಸ್ಕ’ ಗೀತಸಂಪುಟದ ಪಾಠವಿಚಾರ

ಅಮೆರಿಕಾ ದೇಶದ ರಾಕ್ ಗಾಯಕನೂ ಗೀತರಚಕನೂ ಆದ ಬ್ರೂಸ್ ಸ್ಪ್ರಿಂಗ್‌ಸ್ಟೀನನ ‘ನೆಬ್ರಾಸ್ಕ’ ಎಂಬ ಗೀತಸಂಪುಟವು 1982ರ ಸೆಪ್ಟೆಂಬರು 30ರಂದು ಪ್ರಕಟವಾಯಿತು. ಕರಡೇ ಶುದ್ಧಪ್ರತಿಯ ಸ್ಥಾನವನ್ನು ಪಡೆದುದರಿಂದ ಇದರ ಚರಿತ್ರೆಯು ಪಾಠನಿರ್ಣಯದಲ್ಲಿ ಆಸಕ್ತರಾದವರಿಗೆ ವಿಚಾರಾರ್ಹವಾದುದು.

1980ರ ‘ದಿ ರಿವರ್’ ಸಂಪುಟದಿಂದ ವಿಶೇಷ ಖ್ಯಾತಿಯನ್ನು ಹೊಂದಿದ್ದ ಈತನು, 1982ರ ಜನವರಿ 3ರಂದು ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿ, ತನ್ನ ಬಾಡಿಗೆಯ ಮನೆಯ ಶಯನಗೃಹದಲ್ಲಿ ಕುಳಿತು, ಇವುಗಳಲ್ಲಿ ಬಹುಪಾಲು ಗೀತೆಗಳನ್ನು ನಾಲ್ಕು ಪಥಗಳ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿಸಿಕೊಂಡನು. ಗಿಟಾರು ಹಾರ್ಮೋನಿಕಾಗಳೇ ಮುಖ್ಯವಾದ್ಯಗಳು. ಗೀತೆಗಳನ್ನು ವಾದ್ಯವೃಂದಕ್ಕೆ ತಿಳಿಸಿಕೊಡುವುದಷ್ಟೇ ಆಗಿನ ಉದ್ದೇಶ. ರಾಕ್ ಸಂಗೀತದ ಆರ್ಭಟವನ್ನು ಬಿಟ್ಟು, ವುಡಿ ಗಥ್ರಿ ಮೊದಲಾದವರ ಜನಪದಗೀತಮಾರ್ಗವನ್ನು ಇವು ಅನುಸರಿಸಿರುವುವು. ಶೀರ್ಷಿಕೆಗೀತವು ಚಾರ್ಲ್ಸ್ ಸ್ಟಾರ್ಕ್‌ವೆದರನು 1958ರಲ್ಲಿ ನಡೆಸಿದ ಕೊಲೆಗಳನ್ನು ಕೊಲೆಗಾರನ ಬಾಯಿಂದಲೇ ಹೇಳಿಸುವುದು.

ಬಳಿಕ ನ್ಯೂಯಾರ್ಕಿನಲ್ಲಿ ವೃಂದದೊಡನೆ ಇವನ್ನು ನುಡಿಸಿ ನೋಡಲಾಯಿತು. ಅದೇ ಕ್ಯಾಸೆಟ್ಟಿನಲ್ಲಿದ್ದ ‘ಬಾರ್ನ್ ಇನ್ ದಿ ಯು.ಎಸ್.ಎ.’ ಎಂಬುದು ವೃಂದಕ್ಕೆ ಚೆನ್ನಾಗಿ ಒಗ್ಗಿ, 1984ರಲ್ಲಿ ಬೇರೊಂದು ಸಂಪುಟದಲ್ಲಿ ಪ್ರಕಟವಾಯಿತು. ಉಳಿದ ಅನೇಕ ಗೀತೆಗಳಲ್ಲಾದರೋ ವಾದ್ಯಸಮೃದ್ಧಿಯಿಂದ ಏಕಾಂತಭಾವವು ಮರೆಯಾಯಿತು. ಕಡೆಗೆ, ಕೋಶವಿಲ್ಲದೆ ಜೇಬಿನಲ್ಲಿ ತಿರುಗಾಡಿಸಿದ್ದ ಆ ಕ್ಯಾಸೆಟ್ಟನ್ನೇ ಪ್ರಕಟಿಸುವುದೆಂದು ನಿಶ್ಚಯವಾಯಿತು. ಅದರ ಕ್ಷೀಣಧ್ವನಿಯನ್ನು ಫಲಕಕ್ಕೆ ಇಳಿಸುವುದರಲ್ಲಿ ತಂತ್ರಜ್ಞರು ಬಹಳ ಶ್ರಮಪಡಬೇಕಾಯಿತು. ವೃಂದಪಾಠಗಳಲ್ಲಿ ಕೆಲವು 2025ರಲ್ಲಿ ಬೆಳಕಿಗೆ ಬಂದಿರುವುದರಿಂದ ಉಭಯಪಾಠಗಳನ್ನೂ ಈಗ ತುಲನೆಮಾಡಬಹುದು.

ಕರ್ತೃವು ಕಡೆಯಲ್ಲಿ ಪರಿಷ್ಕರಿಸಿದುದೇ ಗ್ರಾಹ್ಯಪಾಠವೆಂಬುದು ಸಾಮಾನ್ಯನಿಯಮ. ಇಲ್ಲಿ ಕರ್ತೃವೇ ಪರಿಷ್ಕಾರವನ್ನು ತ್ಯಜಿಸಿ, ರಸಕ್ಕೆ ಅನುಗುಣವಾದ ಮೊದಲ ಪಾಠವನ್ನು ಎತ್ತಿಹಿಡಿದಿರುವನು.